ನಿಮಗಿದು ಗೊತ್ತೇ? ಪುರವರದಿಂದ ಮಲ್ಪೆಗೆ, ಮಲ್ಪೆಯಿಂದ ಗ್ರೀಸಿಗೆ

ಡಿಸೆಂಬರ್ ಬಂತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಶಾಲೆಗಳಲ್ಲಿ ಪ್ರವಾಸದ ಮಾತು ಶುರು. ಧರ್ಮಸ್ಥಳ, ಉಡುಪಿ ಮುಗಿಸಿಕೊಂಡು ಕೊನೆಗೆ ಬೀಚ್ ಎಂದರೆ ಸಾಕು, ಹುಡುಗರು ಅಪ್ಪನ ಜೇಬಿಗೆ ಕೈ ಹಾಕಲು ಮನೆಗೆ ಓಡುತ್ತಾರೆ. ಇತ್ತ ಮೊಬೈಲ್ ತೆರೆದರೆ ಗ್ರೀಸ್ ದ್ವೀಪಗಳ ಬಿಳಿ ಮನೆ, ನೀಲಿ ನೀರು, ಮರಳ ಮೇಲೆ ಜನಜಾತ್ರೆ. ಆ ಗ್ರೀಸಿಗೂ ನಮ್ಮ ಮಲ್ಪೆಗೂ, ಮಧುಗಿರಿ ತಾಲ್ಲೂಕಿನ ಪುರವರದ ಹೊಳೆ ಮರಳಿಗೂ ಏನು ನಂಟು? ಒಂದೊಂದಾಗಿ ನೋಡೋಣ.

ಕಲ್ಲು ಹೇಳುವ ಕತೆ

1. ಮಲ್ಪೆಯಲ್ಲಿ ದೋಣಿ ಹತ್ತಿದರೆ ಅರ್ಧ ಗಂಟೆಯೊಳಗೆ ಸೇಂಟ್ ಮೇರೀಸ್ ದ್ವೀಪ. ಊರವರು ಇದನ್ನು ತೋನ್ಸೆ ಪಾರ್ ಎನ್ನುವುದೂ ಉಂಟು. ಒಂದೇ ದ್ವೀಪ ಎಂದುಕೊಂಡವರೇ ಹೆಚ್ಚು. ನಿಜಕ್ಕೂ ಇವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಮತ್ತು ದಕ್ಷಿಣ ದ್ವೀಪ. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ.

2. ಅಲ್ಲಿನ ಕಂಬಗಲ್ಲುಗಳನ್ನು ಯಾವ ಶಿಲ್ಪಿಯೂ ಕಡೆದದ್ದಲ್ಲ. ಭೂಮಿಯೊಳಗಿಂದ ಉಕ್ಕಿದ ಲಾವಾ ಆರುವಾಗ ಕುಗ್ಗುತ್ತದೆ, ಕುಗ್ಗಿದಾಗ ಸೀಳುತ್ತದೆ. ಆ ಸೀಳು ಮೇಲಿನಿಂದ ಕೆಳಗಿನವರೆಗೂ ಇಳಿದು ಬಂಡೆ ಕಂಬಗಳಾಗಿ ಒಡೆಯುತ್ತದೆ. ಹತ್ತಿರ ಹೋಗಿ ಮುಖಗಳನ್ನು ಎಣಿಸಿ: ಆರು ಮುಖದವು ಕಣ್ಣಿಗೆ ಬೀಳುತ್ತವೆ, ನಡುನಡುವೆ ಐದು, ಏಳು ಮುಖದವೂ ಸಿಗುತ್ತವೆ. ಎತ್ತರದ ಕಂಬ ಸುಮಾರು 6 ಮೀಟರ್.

3. ಈ ಲಾವಾ ಉಕ್ಕಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು, ಬೇರೆಯಾಗುತ್ತಿದ್ದ ಕಾಲ. ಆ ಅಗಲಿಕೆಗೆ ಮಲ್ಪೆಯ ಕಲ್ಲೇ ಸಾಕ್ಷಿ ಎನ್ನುತ್ತಾರೆ ಭೂವಿಜ್ಞಾನಿಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ.

4. ಅಬ್ಬಾ, ಎಷ್ಟು ಹಳೆಯದು ಎನ್ನುವ ಮುಂಚೆ ನಮ್ಮ ಮಧುಗಿರಿ ಬೆಟ್ಟವನ್ನೊಮ್ಮೆ ತಿರುಗಿ ನೋಡಿ. ರಾಮನಗರದಿಂದ ಪಾವಗಡದ ಕಡೆಗೆ ಹಬ್ಬಿರುವ ಗ್ರಾನೈಟ್ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಮಲ್ಪೆಯ ಕಂಬಗಲ್ಲು ಇದರ ಮುಂದೆ ಇನ್ನೂ ಎಳೆಗೂಸು.

5. ಸೇಂಟ್ ಮೇರೀಸ್ ಎಂಬ ಹೆಸರು ಬಂದದ್ದು 1498ರಲ್ಲಿ, ಇಟ್ಟವನು ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ ಎಂಬುದು ಪ್ರತೀತಿ. ಇಲ್ಲಿ ಶಿಲುಬೆ ನೆಟ್ಟು ಮೇರಿ ಮಾತೆಯ ಹೆಸರಿಟ್ಟನಂತೆ.

6. ಗ್ರೀಸಿನ ಸ್ಯಾಂಟೊರಿನಿಯೂ ಜ್ವಾಲಾಮುಖಿಯ ಕೂಸೇ. ಕ್ರಿಸ್ತಪೂರ್ವ 1600ರ ಆಸುಪಾಸಿನಲ್ಲಿ ಸ್ಫೋಟಿಸಿದ ಬೆಟ್ಟದ ನಡುಭಾಗ ಕುಸಿದು ಸಮುದ್ರ ಒಳನುಗ್ಗಿತು. ಇಂದು ಫೋಟೊಗಳಲ್ಲಿ ಕಾಣುವ ಬಿಳಿ ಮನೆಗಳು ನಿಂತಿರುವುದು ಆ ಕುಳಿಯ ಅಂಚಿನ ಮೇಲೆ. ಅಲ್ಲಿನ ಪೆರಿಸ್ಸಾ, ಕಮಾರಿ ಕಡಲತೀರಗಳ ಮರಳು ಕಪ್ಪು.

ಗ್ರೀಕರು ಕಂಡ ನಮ್ಮ ಕಡಲು

7. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೇ ಪಟ್ಟಣದ ತಿಪ್ಪೆಗಳನ್ನು ಅಗೆದಾಗ ಬ್ರಿಟಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅವರಿಗೆ ಪಪೈರಸ್ ಹಾಳೆಗಳ ರಾಶಿಯೇ ಸಿಕ್ಕಿತು. 1903ರಲ್ಲಿ ಅವರು ಅಚ್ಚು ಹಾಕಿಸಿದ 413ನೇ ಪಪೈರಸ್‌ನಲ್ಲಿ ಇದ್ದದ್ದು ಕ್ರಿ.ಶ. 2ನೇ ಶತಮಾನದ ಸುಮಾರಿನ ಒಂದು ಗ್ರೀಕ್ ಪ್ರಹಸನ. ಖಾರಿಷನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕಡಲತೀರದ ದೇವಸ್ಥಾನವೊಂದರಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳನ್ನು ಬಲಿ ಕೊಡುವ ಹವಣಿಕೆ ಅಲ್ಲಿನ ರಾಜನದು. ಅಣ್ಣ ಹಡಗಿನಲ್ಲಿ ಬರುತ್ತಾನೆ, ಜತೆಗೊಬ್ಬ ವಿದೂಷಕ. ನೀರು ಬೆರೆಸದ ದ್ರಾಕ್ಷಾಮದ್ಯವನ್ನು ರಾಜನಿಗೂ ಅವನ ಜನಕ್ಕೂ ಕುಡಿಸಿ, ಅವರು ಅಮಲೇರಿ ಕುಣಿಯುತ್ತಿರುವಾಗ ತಂಗಿಯನ್ನು ಹಡಗು ಹತ್ತಿಸಿಕೊಂಡು ಪರಾರಿ!

8. ಆ ರಾಜ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಮೊದಲು ಹೇಳಿದವರು ಜರ್ಮನ್ ಶಾಸನತಜ್ಞ ಹುಲ್ಟ್ಸ್. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅದನ್ನು ಬೆಂಬಲಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಮೇಲೆ ಬರೆದರು. ಅಲ್ಲಿ ಬರುವ ಒಂದು ಮಾತನ್ನು ‘ಮಲ್ಪೆಯ ನಾಯಕ’ ಎಂದು ಬಿಡಿಸಿದವರೂ ಇದ್ದಾರೆ. ಇದು ತುಳು ಎನ್ನುವವರಿದ್ದಾರೆ, ಯಾವ ಭಾಷೆಯೂ ಅಲ್ಲ, ಬರೀ ನಗಿಸಲು ಕಟ್ಟಿದ ಸದ್ದು ಎಂದು ತಳ್ಳಿಹಾಕುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ.

9. ವಾದವೇ ಇಲ್ಲದ ಸಾಕ್ಷಿ ಬೇಕೇ? 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕಾಸ್ಮಾಸ್ ಗ್ರೀಕ್ ಭಾಷೆಯಲ್ಲಿ ಬರೆದ ಗ್ರಂಥದಲ್ಲಿ ಮೆಣಸು ರಫ್ತಾಗುವ ಬಂದರುಗಳ ಪಟ್ಟಿ ಇದೆ. ಅದರಲ್ಲೊಂದು ‘ಮಂಗರೂತ್’. ನಮ್ಮ ಮಂಗಳೂರು.

10. ನಮ್ಮ ಹೊಲಗಳಿಗೆ ಮಳೆ ತರುವ ನೈಋತ್ಯ ಮಾರುತವನ್ನು ಗ್ರೀಕ್ ನಾವಿಕರು ‘ಹಿಪ್ಪಾಲಸ್’ ಎಂದು ಕರೆಯುತ್ತಿದ್ದರು. ಈ ಗಾಳಿಯನ್ನು ನಂಬಿ ದಡ ಬಿಟ್ಟು ನೇರ ಕಡಲು ದಾಟಿದ ನಾವಿಕನ ಹೆಸರದು ಎಂದು ಆ ಕಾಲದ ಗ್ರೀಕ್ ಗ್ರಂಥವೇ ಹೇಳುತ್ತದೆ.

ಮರಳಿನ ಜಾಡು

11. ಭೂವಿಜ್ಞಾನದ ಲೆಕ್ಕದಲ್ಲಿ ಹರಳಿನ ಗಾತ್ರ ಸುಮಾರು 0.06ರಿಂದ 2 ಮಿ.ಮೀ. ಇದ್ದರೆ ಮರಳು. ಅದಕ್ಕಿಂತ ನುಣುಪಾದರೆ ಹೂಳು, ದಪ್ಪವಾದರೆ ನೊರಜುಗಲ್ಲು. ಯಾವುದರಿಂದ ಆಗಿದೆ ಎಂಬುದು ಮುಖ್ಯವಲ್ಲ. ಗ್ರಾನೈಟಿನ ಬೆಣಚು, ಲಾವಾದ ಪುಡಿ, ಚಿಪ್ಪಿನ ಚೂರು ಎಲ್ಲವೂ ಮರಳೇ.

12. ಪುರವರದ ಕಡೆಯ ಮರಳು ಮಲ್ಪೆಗೆ ಹೋಗುವುದೇ ಇಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ದಾಟಿ ಆಂಧ್ರದಲ್ಲಿ ಉತ್ತರ ಪಿನಾಕಿನಿ ಸೇರುತ್ತಾಳೆ. ಪಿನಾಕಿನಿ ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಗೆ. ಅದೇ ಬೆಟ್ಟಸಾಲಿನ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಗೆ, ಅಲ್ಲಿಂದ ಅದೂ ಪೂರ್ವದ ಕಡಲಿಗೆ. ಪಡುವಣ ಕಡಲಿಗೆ ನಮ್ಮ ಪಾಲು ಒಂದು ಹಿಡಿಯೂ ಇಲ್ಲ.

13. ಹೊಳೆ ಮರಳು ಪೂರ್ವದ ಕಡಲಿಗಾದರೂ ಪೂರ್ತಿ ತಲುಪುತ್ತದೆಯೇ? ಅದೂ ಇಲ್ಲ. ಹೊಳೆಯ ಒಡಲಿನಲ್ಲೇ ತುಂಬಿಕೊಂಡು ಹೋಗುವ ಲಾರಿಗಳು ಒಂದು ಕಡೆ, ದಾರಿಯ ಅಣೆಕಟ್ಟೆಗಳಲ್ಲಿ ನಿಲ್ಲುವ ಹೂಳು ಇನ್ನೊಂದು ಕಡೆ. ನದಿ ತರುವ ಮರಳು ಕಡಿಮೆಯಾದರೆ ಕಡಲು ದಡವನ್ನೇ ಕೊರೆಯುತ್ತದೆ.

14. ಕಡಲತೀರದಲ್ಲಿ ಅಷ್ಟೊಂದು ಮರಳಿರುವಾಗ ಮನೆ ಕಟ್ಟಲು ಅದನ್ನೇ ತಂದರೇನು? ಅದರಲ್ಲಿರುವ ಉಪ್ಪು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದಂತೆ ಆರ್‌ಸಿಸಿ ಬಿರುಕು ಬಿಡುತ್ತದೆ.

15. ಮಲ್ಪೆಯಲ್ಲಿ ಕಾಲಿಗೆ ಸಿಗುವುದು ಹಾಸು ಮರಳು. ದ್ವೀಪಕ್ಕೆ ಹೋದರೆ ಹಲವೆಡೆ ಮರಳಿನ ಬದಲು ಚಿಪ್ಪಿನ ರಾಶಿ. ಬರಿಗಾಲಲ್ಲಿ ಓಡಿದರೆ ಅಂಗಾಲು ಕೊಯ್ಯುತ್ತದೆ, ಚಪ್ಪಲಿ ಇರಲಿ. ಗ್ರೀಸಿನ ಕ್ರೀಟ್ ದ್ವೀಪದ ಎಲಫೊನಿಸಿಯಲ್ಲಿ ಮರಳಿಗೆ ಗುಲಾಬಿ ಛಾಯೆ ಬಂದಿರುವುದೂ ಸೂಕ್ಷ್ಮ ಜೀವಿಗಳ ಚಿಪ್ಪಿನ ಚೂರುಗಳಿಂದಲೇ.

16. ಕಡಲಾಮೆಯ ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೇರಿದರೆ ಹೆಣ್ಣು ಮರಿಗಳೇ ಹೆಚ್ಚು, ತಂಪಾಗಿದ್ದರೆ ಗಂಡು. ಕುಂದಾಪುರದ ಕಡೆಯ ತೀರಗಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಗ್ರೀಸಿನ ಜಾಕಿಂತೋಸ್ ದ್ವೀಪಕ್ಕೆ ಲಾಗರ್‌ಹೆಡ್ ಆಮೆಗಳು. ಅವಕ್ಕಾಗಿ 1999ರಲ್ಲಿ ಅಲ್ಲಿ ರಾಷ್ಟ್ರೀಯ ಸಾಗರ ಉದ್ಯಾನವನ್ನೇ ಮಾಡಿದರು. ಆಮೆ ಗೂಡು ಕಟ್ಟುವ ತೀರಗಳಿಗೆ ರಾತ್ರಿ ಹೊತ್ತು ಪ್ರವೇಶವಿಲ್ಲ.

ನೀರು, ಗಾಳಿ, ಮಳೆ

17. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಗ್ರೀಸಿನ ಸುತ್ತಲ ಮೆಡಿಟರೇನಿಯನ್ ಕಡಲಿನಲ್ಲಿ ಇನ್ನೂ ಮೂರು ಗ್ರಾಂ ಜಾಸ್ತಿ. ಅಲ್ಲಿ ಆವಿಯಾಗುವ ನೀರು ಹೆಚ್ಚು, ನದಿಗಳು ತಂದು ಸುರಿಯುವುದು ಕಡಿಮೆ.

18. ಮಲ್ಪೆಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಏರಿಳಿತ ಒಂದು ಮೀಟರಿಗೂ ಹೆಚ್ಚು. ಬೆಳಿಗ್ಗೆ ಚಪ್ಪಲಿ ಬಿಟ್ಟ ಜಾಗ ಮಧ್ಯಾಹ್ನಕ್ಕೆ ನೀರಿನೊಳಗೆ. ಗ್ರೀಸಿನ ದ್ವೀಪಗಳ ಬಹುಪಾಲು ತೀರಗಳಲ್ಲಿ ಈ ಏರಿಳಿತ ಒಂದು ಗೇಣಿನಷ್ಟೇ. ಅಲ್ಲಿ ನೀರಿನಂಚಿಗೇ ಕುರ್ಚಿ ಹಾಕಿ ಕೂರುವ ಧೈರ್ಯ ಬಂದಿರುವುದು ಇದರಿಂದ.

19. ನಮ್ಮಲ್ಲಿ ಬೀಚಿನ ಬಾಗಿಲು ಹಾಕಿದಾಗ ಅಲ್ಲಿ ತೆರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೇಂಟ್ ಮೇರೀಸ್‌ಗೆ ದೋಣಿ ಇಲ್ಲ. ಗ್ರೀಸಿನಲ್ಲಿ ಅದೇ ಬೇಸಿಗೆ, ಅದೇ ಸುಗ್ಗಿ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿಯೊಂದೇ ಅವರಿಗೆ ಕಾಟ. ಅದು ಜೋರಾದರೆ ಹಡಗುಗಳು ಬಂದರಿನಲ್ಲೇ ನಿಲ್ಲುತ್ತವೆ.

20. ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಹೆಚ್ಚು ಮಳೆ. ಪಾವಗಡದಲ್ಲಿ 600 ಮಿ.ಮೀ.ಗಿಂತ ಕಡಿಮೆ. ಸ್ಯಾಂಟೊರಿನಿಯಲ್ಲಿ? 400ನ್ನೂ ಮುಟ್ಟುವುದಿಲ್ಲ! ಮಳೆಯ ಲೆಕ್ಕದಲ್ಲಿ ಗ್ರೀಸಿನ ದ್ವೀಪ ಕರಾವಳಿಗಲ್ಲ, ನಮ್ಮ ಬಯಲುಸೀಮೆಗೇ ಹತ್ತಿರ.

21. ಅಷ್ಟು ಕಡಿಮೆ ಮಳೆಯಲ್ಲಿ, ನೀರು ಹಾಯಿಸದೆ ಅಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಚಪ್ಪರ ಹಾಕುವುದಿಲ್ಲ. ಬಳ್ಳಿಯನ್ನು ನೆಲದ ಮೇಲೇ ಬುಟ್ಟಿ ಹೆಣೆದ ಹಾಗೆ ಸುತ್ತುತ್ತಾ ಬರುತ್ತಾರೆ, ಗೊಂಚಲು ಒಳಗೆ ಬಿಡುತ್ತದೆ. ಹೊರಗಿನ ಬಿರುಗಾಳಿ, ಹಾರುವ ಮರಳು ಹಣ್ಣಿಗೆ ತಾಗುವುದಿಲ್ಲ. ರಾತ್ರಿಯ ಇಬ್ಬನಿಯನ್ನು ಜ್ವಾಲಾಮುಖಿಯ ಹಗುರ ರಂಧ್ರಗಲ್ಲು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬಾವಿ ಬತ್ತಿದ ಊರಿನವರು ನೋಡಬೇಕಾದದ್ದು ಅಲ್ಲಿನ ಬೀಚಿಗಿಂತ ಈ ತೋಟಗಳನ್ನು.

ದಡದ ಜನ, ದಡದ ದೇವರು

22. ಬೆಳಿಗ್ಗೆ ಬೇಗ ಎದ್ದು ದಡಕ್ಕೆ ಹೋದರೆ ಕೈರಂಪಣಿ ಮೀನುಗಾರಿಕೆ ಕಾಣುವ ಅದೃಷ್ಟ ಇದ್ದೀತು. ಬಲೆಯ ಒಂದು ತುದಿಯ ಹಗ್ಗ ದಡದಲ್ಲೇ ಉಳಿಯುತ್ತದೆ. ದೋಣಿ ಬಲೆಯನ್ನು ಬಿಡುತ್ತಾ ಕಡಲಿನಲ್ಲಿ ಅರ್ಧ ಸುತ್ತು ಹೊಡೆದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡು ಸಾಲು ಜನ ಮರಳಿನಲ್ಲಿ ಹಿಮ್ಮಡಿ ಊರಿ ಎಳೆಯುತ್ತಾರೆ. ಸಾಲುಗಳು ಹತ್ತಿರ ಬಂದಂತೆ ಬಲೆ ಕಿರಿದಾಗಿ ಬಂಗುಡೆ, ಬೂತಾಯಿ ಕುಪ್ಪಳಿಸತೊಡಗುತ್ತವೆ.

23. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ಮೀನು ಮರಿ ಮಾಡುವ ಕಾಲ. ಆ ತಿಂಗಳುಗಳಲ್ಲಿ ನಮ್ಮೂರ ಸಂತೆಯಲ್ಲಿ ಕಡಲ ಮೀನಿನ ಬೆಲೆ ಏರುವುದಕ್ಕೆ ಇದೂ ಕಾರಣ.

24. ಮಲ್ಪೆಯ ವಡಭಾಂಡೇಶ್ವರದಲ್ಲಿರುವುದು ಬಲರಾಮ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದರು, ನಾವಿಕ ಕಾಣಿಕೆ ಕೊಟ್ಟ ಗೋಪಿಚಂದನದ ಗಡ್ಡೆಗಳಲ್ಲಿ ಕೃಷ್ಣ, ಬಲರಾಮರ ಮೂರ್ತಿಗಳಿದ್ದವು ಎಂಬುದು ಐತಿಹ್ಯ. ಕೃಷ್ಣ ಉಡುಪಿಗೆ ಹೋದ, ಅಣ್ಣ ಕಡಲತೀರದಲ್ಲೇ ಉಳಿದ.

25. ದೇವರಾಯನದುರ್ಗದ ನರಸಿಂಹನಿಗೆ ಬೆಟ್ಟ ಹತ್ತಿ ಹೋಗುತ್ತೇವೆ. ಕಾರವಾರದ ಕೂರ್ಮಗಡದ ನರಸಿಂಹನಿಗೆ ದೋಣಿ ಹತ್ತಬೇಕು. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಭಕ್ತರು ದೋಣಿಗಳಲ್ಲೇ ಈ ದ್ವೀಪ ಸೇರುತ್ತಾರೆ.

26. ಕಾರವಾರದ ತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರೇಕೆ? ಅವರ ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದಲ್ಲಿ ಅಣ್ಣನ ಮನೆಗೆ ಬಂದಿದ್ದ ಯುವಕ ಟ್ಯಾಗೋರರು ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಅಲ್ಲೇ.

27. ಸ್ವಚ್ಛತೆ, ಸುರಕ್ಷತೆ, ನೀರಿನ ಗುಣಮಟ್ಟ ನೋಡಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಬ್ಲೂ ಫ್ಲ್ಯಾಗ್. 2020ರಲ್ಲಿ ಭಾರತದ ಎಂಟು ತೀರಗಳಿಗೆ ಸಿಕ್ಕಿದಾಗ ಅದರಲ್ಲಿ ಎರಡು ನಮ್ಮವು: ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು. ಗ್ರೀಸಿನಲ್ಲಿ ಈ ಬಾವುಟ ಹಾರುವ ತೀರಗಳು 600ಕ್ಕೂ ಹೆಚ್ಚು. ಅಲೆ ನೋಡಲು ಎಲ್ಲಿಗೆ ಹೋದರೂ ನಡೆದೀತು, ಚಿಕ್ಕ ಮಕ್ಕಳ ಜತೆ ಹೋಗುವವರಿಗೆ ಈ ಎರಡು ತೀರಗಳೇ ವಾಸಿ.

ಹೊರಡುವ ಮುನ್ನ

28. ಎರಡೂ ಕಡೆ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ನೀರು ಸಪಾಟಾಗಿ, ಕಪ್ಪಾಗಿ ಕಂಡರೆ ಅಲ್ಲಿಗೆ ಇಳಿಯಬೇಡಿ. ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ ಅದು, ಒಳಸೆಳೆತ ಇರುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡಬೇಡಿ, ಸುಸ್ತಾಗಿ ಮುಳುಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ಈಚೆ ಬನ್ನಿ.

29. ಕೆರೆ, ಬಾವಿಯಲ್ಲಿ ಈಜು ಕಲಿತವರೇ ಕಡಲಿನಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಕೆರೆಯ ನೀರು ನಿಂತಿರುತ್ತದೆ, ಕಡಲು ಎಳೆಯುತ್ತದೆ. ಕೆಂಪು ಬಾವುಟ ಹಾರುತ್ತಿದ್ದರೆ, ಜೀವರಕ್ಷಕ ಸಿಬ್ಬಂದಿ ಶಿಳ್ಳೆ ಹೊಡೆದರೆ ವಾದ ಬೇಡ.

30. ಗ್ರೀಸಿನ ಸ್ಕಿಯಾಥೋಸ್ ದ್ವೀಪದಲ್ಲಿ ಲಲಾರಿಯಾ ಎಂಬ ತೀರವಿದೆ. ಅಲ್ಲಿನ ಬಿಳಿ ಉರುಟುಗಲ್ಲನ್ನು ನೆನಪಿಗೆಂದು ಜೇಬಿಗಿಳಿಸಿದರೆ ದಂಡ ಬೀಳುತ್ತದೆ. ಮಲ್ಪೆಯ ದ್ವೀಪದ ಕಲ್ಲೂ ಚಿಪ್ಪೂ ಹಾಗೇ, ನೋಡಿ ಬರಲಿಕ್ಕೆ ಮಾತ್ರ. ಮೇಷ್ಟ್ರೇ, ಮೇಡಂ, ಬಸ್ಸು ಹತ್ತಿಸುವಾಗ ಮಕ್ಕಳ ತಲೆ ಎಣಿಸುತ್ತೀರಲ್ಲ, ದ್ವೀಪದಿಂದ ದೋಣಿ ಹತ್ತಿಸುವಾಗ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣಗಳನ್ನೂ ಎಣಿಸಿಕೊಂಡು ವಾಪಸು ತನ್ನಿ.