ಅಂಬಾಸಿಡರಿಗೆ ಬೇರೊಂದು ಎಂಜಿನ್

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಮಾದರಿಯಾಗಿ ಇರಿಸಿಕೊಂಡು, ಬಂಗಾಳದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್, ಮಂತ್ರಿಗಳನ್ನೂ ಮದುವಣಿಗರನ್ನೂ ಒಂದೇ ಗಾಂಭೀರ್ಯದಿಂದ ಹೊತ್ತು ತಿರುಗಿದ ವಾಹನ. ಅದರ ಉಕ್ಕಿನ ಒಡಲು ಇನ್ನೂ ದೃಢವಾಗಿರುವಾಗಲೇ ಎಂಜಿನ್ ಜರ್ಜರಿತವಾಗಿ, ಹೊಗೆ ಕಾರುತ್ತ, ಘಾಟಿಯ ಏರಿನಲ್ಲಿ ಏದುಸಿರು ಬಿಡತೊಡಗಿದರೆ, ಬೇರೊಂದನ್ನು ಕೂರಿಸೋಣವೆಂಬ ಯೋಚನೆ ಒಡೆಯನ ಮನಸ್ಸಿಗೆ ಬರುವುದು ಸಹಜವೇ ಸರಿ.

ಆದರೆ ಮೊದಲು ವಿಚಾರಿಸತಕ್ಕದ್ದು, ಹಳೆಯದು ದುರಸ್ತಿಗೆ ಮೀರಿದೆಯೇ ಎಂಬುದನ್ನು. ಸಿಲಿಂಡರುಗಳಿಗೆ ಬೋರಿಂಗ್ ಮಾಡಿಸಿ, ಆ ಅಳತೆಗೆ ತಕ್ಕ ಪಿಸ್ಟನ್ನುಗಳನ್ನೂ ರಿಂಗುಗಳನ್ನೂ ಹಾಕಿಸಿದರೆ ಪುನಃ ಚೇತರಿಸಿಕೊಳ್ಳುವ ಎಂಜಿನ್ನುಗಳು ಅನೇಕ. ಬ್ಲಾಕೇ ಬಿರಿದಿದ್ದರೆ ಮಾತು ಬೇರೆ. ಆಗಲೂ ಒಂದು ಅನುಕೂಲವುಂಟು: ಬಹುಕಾಲ 1,489 ಸಿ.ಸಿ. ಎಂಜಿನ್ನಿನಿಂದ ನಡೆದ ಈ ಕಾರಿಗೆ, ತೊಂಬತ್ತರ ದಶಕದಲ್ಲಿ ತಯಾರಕರೇ 1,817 ಸಿ.ಸಿ.ಯ ಇಸುಜು ಎಂಜಿನ್ನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಅಳವಡಿಸಿದ್ದರಾದ್ದರಿಂದ, ಅದು ಈ ಮನೆತನಕ್ಕೆ ಪರಕೀಯವಲ್ಲ.

ಬಾನೆಟ್ ಬಿಚ್ಚಿ, ಬ್ಯಾಟರಿ ಕಳಚಿ, ರೇಡಿಯೇಟರಿನ ನೀರು ಹರಿಸಿ, ಚೈನ್ ಬ್ಲಾಕಿನಿಂದ ಹಳೆಯ ಎಂಜಿನ್ನನ್ನು ಮೇಲೆತ್ತುವುದು ಈ ಕೆಲಸದ ಸುಲಭ ಭಾಗ. ಕಷ್ಟವಿರುವುದು ಹೊಸದನ್ನು ಒಗ್ಗಿಸುವುದರಲ್ಲಿ. ಅದನ್ನು ಹೊರುವ ಮೌಂಟಿಂಗುಗಳ ಸ್ಥಾನ ಬೇರೆ. ಗೇರ್ ಬಾಕ್ಸ್ ಬದಲಾದಾಗ ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಸರಿಪಡಿಸಬೇಕು. ಸ್ಟೀರಿಂಗಿನ ಪಕ್ಕದಲ್ಲಿದ್ದ ಗೇರಿನ ಹಿಡಿ ನೆಲಕ್ಕೆ ಇಳಿಯುತ್ತದೆ. ಹೆಚ್ಚಿದ ಶಾಖವನ್ನು ರೇಡಿಯೇಟರ್ ತಾಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಿಂದಿನ ಮಂದಗತಿಗೆ ಸಾಕಾಗಿದ್ದ ಡ್ರಮ್ ಬ್ರೇಕುಗಳು ಹೊಸ ವೇಗವನ್ನು ತಡೆಯಬಲ್ಲವೇ ಎಂಬುದನ್ನು ಪರೀಕ್ಷಿಸದೆ ರಸ್ತೆಗಿಳಿಯುವುದು ಪ್ರಾಣದೊಡನೆ ಆಡುವ ಆಟ.

ಎಂಜಿನ್ನಿನ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿ ನಮೂದಾಗಿರುವುದರಿಂದ ಆರ್.ಟಿ.ಒ. ಕಚೇರಿಯ ಅನುಮತಿಯನ್ನು ಮೊದಲೇ ಪಡೆಯತಕ್ಕದ್ದು. ಐವತ್ತು ವರ್ಷ ದಾಟಿದ ಕಾರುಗಳಿಗೆ 2021ರ ನಿಯಮಗಳು ‘ವಿಂಟೇಜ್’ ಎಂಬ ಮನ್ನಣೆಯನ್ನು ಕಲ್ಪಿಸಿವೆಯಾದರೂ, ಎಂಜಿನ್, ಚಾಸಿ, ಒಡಲುಗಳು ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿ ಉಳಿದಿರಬೇಕೆಂಬುದು ಅದರ ಕಟ್ಟಳೆ.

ಆದಕಾರಣ, ಬದಲಿಸುವವನು ಹಿಂದಿರುಗುವ ದಾರಿಯನ್ನು ಮುಚ್ಚದಿರಲಿ. ನೆಲದ ತಗಡನ್ನು ಕಡಿಮೆ ಕತ್ತರಿಸಿದಷ್ಟೂ, ಬೆಸುಗೆಯ ಬದಲು ಬೋಲ್ಟುಗಳಿಂದ ಬಿಗಿದಷ್ಟೂ ಲೇಸು. ತೆಗೆದ ಎಂಜಿನ್ನನ್ನು ಗುಜರಿಗೆ ತೂಗಿಹಾಕದೆ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ತೂತುಗಳನ್ನು ಮುಚ್ಚಿ, ಒಣ ಮೂಲೆಯಲ್ಲಿ ಕಾಪಿಟ್ಟರೆ, ಮುಂದೆ ಈ ಕಾರು ಯಾರ ಪಾಲಿಗೆ ಬರುವುದೋ ಅವರು ಅದನ್ನು ಅದರ ಸ್ವಸ್ಥಾನದಲ್ಲಿ ಮರಳಿ ಕೂರಿಸಬಲ್ಲರು.