ಹಿತ್ತಲಿಗೆ ಬಂದ ಡೇಗೆ

ಪ್ರಶ್ನೆ: ಅಮೆರಿಕದಲ್ಲಿರುವ ಮಗನ ಮನೆಯ ಹಿತ್ತಲಿನಲ್ಲಿ, ಹಕ್ಕಿಗಳಿಗೆಂದು ತೂಗುಹಾಕಿದ ಕಾಳಿನ ಡಬ್ಬಿಯ ಬಳಿಯಿಂದ ಡೇಗೆಯೊಂದು ಗುಬ್ಬಿಯನ್ನು ಹಿಡಿದೊಯ್ದಿತು. ಅಷ್ಟೊಂದು ಕೊಂಬೆಗಳ ನಡುವೆ ಅದು ನುಗ್ಗಿದ್ದು ಹೇಗೆ?

ತಾವು ಕಂಡದ್ದು ಬಹುಶಃ ಕೂಪರ್ ಡೇಗೆ. ನಮ್ಮ ತೋಪುಗಳಲ್ಲಿ ಓತಿಕೇತಗಳಿಗೆ ಎರಗುವ ಶಿಕ್ರಾದ ಬಂಧು. ಬಯಲಾಕಾಶದಲ್ಲಿ ತೇಲುವ ಹದ್ದಿಗೆ ನೀಳವಾದ ರೆಕ್ಕೆಗಳಿರುವಂತೆ, ವೃಕ್ಷಸಂಕುಲದ ನಡುವೆ ಬಾಳುವ ಈ ಪಕ್ಷಿಗೆ ಗಿಡ್ಡನೆಯ, ದುಂಡುತುದಿಯ ರೆಕ್ಕೆಗಳೂ ಚುಕ್ಕಾಣಿಯಂತೆ ತಿರುಗುವ ಉದ್ದನೆಯ ಬಾಲವೂ ಉಂಟು. ಸಂತೆಯ ಜನಸಂದಣಿಯಲ್ಲಿ ಎತ್ತಿನ ಬಂಡಿ ನಿಂತಲ್ಲೇ ನಿಂತಿರಲು, ಸೈಕಲ್ಲಿನ ಹುಡುಗನು ಸಂದಿಗೊಂದಿಗಳಲ್ಲಿ ನುಸುಳಿ ಪಾರಾಗುವನಷ್ಟೆ, ಇದೂ ಹಾಗೆಯೇ. ಆದರೆ ಇದರ ನಿಜವಾದ ಬಲವಿರುವುದು ವೇಗಕ್ಕಿಂತಲೂ ಮರೆಯಲ್ಲಿ. ಬೇಲಿಯ ಆಚೆ ಬದಿಯಲ್ಲಿ, ನೆಲಕ್ಕೆ ತಾಗುವುದೋ ಎಂಬಷ್ಟು ಕೆಳಗೆ ಹಾರಿಬಂದು, ಕಾಳಿನ ಡಬ್ಬಿಗೆ ನೇರವಾದೊಡನೆ ತಟ್ಟನೆ ಮೇಲೆದ್ದು ಬೇಲಿಯನ್ನು ದಾಟಿ, ಹಳದಿ ಕಾಲುಗಳನ್ನು ಮುಂಚಾಚಿ ಎರಗುತ್ತದೆ. ಕೊಲ್ಲುವುದು ಕೊಕ್ಕಿನಿಂದಲ್ಲ, ಉಗುರುಗಳ ಹಿಡಿತವನ್ನು ಮತ್ತೆ ಮತ್ತೆ ಬಿಗಿಯುವುದರಿಂದ.

ಕೊಂಬೆಗಳ ನಡುವೆ ನುಗ್ಗುವ ಈ ಸಾಹಸ ಅದಕ್ಕೂ ಅಗ್ಗವಲ್ಲ. ಕೂಪರ್ ಡೇಗೆಗಳ 300ಕ್ಕೂ ಮಿಕ್ಕ ಅಸ್ಥಿಪಂಜರಗಳನ್ನು ಪರೀಕ್ಷಿಸಿದಾಗ ಶೇಕಡ 23ರಲ್ಲಿ ಎದೆಯ ಮೂಳೆಗಳು ಮುರಿದು ಕೂಡಿಕೊಂಡ ಗುರುತುಗಳು ಕಂಡುಬಂದವು.

ಸಣ್ಣ ಹಕ್ಕಿಗಳೂ ಅಸಹಾಯಕವಲ್ಲ: ಡೇಗೆಯನ್ನು ಮೊದಲು ಕಂಡ ಹಕ್ಕಿ, ಎಲ್ಲಿಂದ ಬಂತೆಂದು ಅದಕ್ಕೆ ಸುಲಭವಾಗಿ ತಿಳಿಯದಂಥ ಸಣ್ಣ ಸಿಳ್ಳನ್ನು ಹಾಕುತ್ತದೆ, ಉಳಿದವು ಪೊದೆಯೊಳಗೆ ಧುಮುಕುತ್ತವೆ, ಇಲ್ಲವೆ ಇದ್ದಲ್ಲಿಯೇ ಶಿಲೆಯಂತೆ ಸ್ತಬ್ಧವಾಗುತ್ತವೆ. ತಮ್ಮ ಮಗನಿಗೆ ಆ ದೃಶ್ಯ ಅಸಹ್ಯವಾದರೆ ಒಂದೆರಡು ವಾರ ಡಬ್ಬಿಯನ್ನು ತೆಗೆದಿಡಲಿ. ಗುಬ್ಬಿಗಳು ಚೆದುರುತ್ತವೆ, ಡೇಗೆಯೂ ಬೇರೆ ಹಿತ್ತಲನ್ನು ಅರಸಿಕೊಳ್ಳುತ್ತದೆ.