ಗ್ರಾನೈಟ್ ಕಲ್ಲಿನ ವಿಕಿರಣ: ಗಿರಾಕಿಗೆ ಏನೆಂದು ಉತ್ತರಿಸಬೇಕು?

“ಈ ಕಲ್ಲನ್ನು ಮನೆಗೆ ಹಾಕಿಸಿದರೆ ವಿಕಿರಣದ ಭಯವಿಲ್ಲವೇ?” 2008ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅಡುಗೆಕಟ್ಟೆಯ ಗ್ರಾನೈಟ್ ಕುರಿತು ವರದಿ ಪ್ರಕಟಿಸಿದ ತರುವಾಯ ಈ ಪ್ರಶ್ನೆ ವ್ಯಾಪಕವಾಯಿತು. ಬಳಕೆಯಲ್ಲಿರುವ ಸಾಮಾನ್ಯ ಗ್ರಾನೈಟಿನಿಂದ ಮನೆಯೊಳಗಿನ ರೇಡಾನ್ ಗಣನೀಯವಾಗಿ ಹೆಚ್ಚುವುದೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಆಗಲೇ ತಿಳಿಸಿತ್ತು. ಆದರೂ “ಏನೂ ಇಲ್ಲ” ಎಂದು ಹೇಳಿ ಗಿರಾಕಿಯನ್ನು ಸಾಗಹಾಕುವುದು ಸರಿಯಲ್ಲ. ಅಲ್ಪ ಪ್ರಮಾಣದಲ್ಲಿ ವಿಕಿರಣ ಇದ್ದೇ ಇದೆ.

ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನಿಸಿಕೊಂಡ ಶಿಲಾಪಟ್ಟಿಯು ಉತ್ತರಕ್ಕೆ ಸಾಗಿ ನಮ್ಮ ಕುಷ್ಟಗಿಯ ಸೀಮೆಯನ್ನು ಮುಟ್ಟುತ್ತದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಗುಲಾಬಿ ಫೆಲ್ಡ್‌ಸ್ಪಾರ್ ಖನಿಜದಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು, ಅದರ ಅತ್ಯಲ್ಪ ಭಾಗ ವಿಕಿರಣಶೀಲ. ಜೊತೆಗೆ ಯುರೇನಿಯಂ, ಥೋರಿಯಂಗಳ ಅಂಶವೂ ಇರುತ್ತದೆ. ಕಪ್ಪು ಗ್ರಾನೈಟ್ ಎಂದು ಮಾರಾಟವಾಗುವ ಡೊಲೆರೈಟ್‌ನಲ್ಲಿ ಇವೆಲ್ಲ ಸಾಮಾನ್ಯವಾಗಿ ಬಹಳ ಕಡಿಮೆ.

ಐರೋಪ್ಯ ಒಕ್ಕೂಟದ 2013ರ ನಿರ್ದೇಶನದಲ್ಲಿರುವ ಲೆಕ್ಕವನ್ನು ರಫ್ತುದಾರರು ಅರಿತಿರಬೇಕು. ಕಿಲೋವೊಂದಕ್ಕೆ ಎಷ್ಟು ಬೆಕ್ವೆರೆಲ್ ಎಂದು ಅಳೆದು, ರೇಡಿಯಂ ಅಂಕಿಯನ್ನು 300ರಿಂದ, ಥೋರಿಯಂ ಅಂಕಿಯನ್ನು 200ರಿಂದ, ಪೊಟ್ಯಾಸಿಯಂ ಅಂಕಿಯನ್ನು 3000ದಿಂದ ಭಾಗಿಸಿ ಕೂಡಬೇಕು. ಉದಾಹರಣೆಗೆ ರೇಡಿಯಂ 60, ಥೋರಿಯಂ 120, ಪೊಟ್ಯಾಸಿಯಂ 1200 ಇದ್ದರೆ ಮೊತ್ತ 1.2. ಇದು 1ನ್ನು ಮೀರಿದ ಮಾತ್ರಕ್ಕೆ ಮಾಲು ತಿರಸ್ಕೃತವಾಗುವುದಿಲ್ಲ. ಆ ಮಿತಿಯು ಗೋಡೆ, ಚಾವಣಿಗಳೆಲ್ಲ ಅದೇ ವಸ್ತುವಿನಿಂದಾದ ಮನೆಯನ್ನು ನೆನೆದು ಮಾಡಿದ್ದು. ನೆಲಕ್ಕೆ ಹಾಸುವ ತೆಳು ಹಲಗೆಗೆ 1999ರ ಐರೋಪ್ಯ ಮಾರ್ಗಸೂಚಿಯು 6ರವರೆಗೂ ಅವಕಾಶವಿತ್ತಿತ್ತು. ವರ್ಷಕ್ಕೆ 1 ಮಿಲಿಸೀವರ್ಟ್ ಎಂಬುದೇ ಮೂಲ ಅಳತೆ. ಪ್ರಕೃತಿಯಿಂದ ಜಗತ್ತಿನ ಮನುಷ್ಯನಿಗೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತಿರುತ್ತದೆ.

ರೇಡಾನ್ ಅನಿಲದ ಸಂಗತಿ ಬೇರೆ. ಅದು ಮುಖ್ಯವಾಗಿ ಮನೆಯಡಿಯ ನೆಲದಿಂದ ಬರುತ್ತದೆ, ಗಾಳಿಯಾಡಿದರೆ ಹೊರಟುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಘನಮೀಟರಿಗೆ 100 ಬೆಕ್ವೆರೆಲ್ ಎಂಬ ಮಟ್ಟವನ್ನು ಸೂಚಿಸಿತು. ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಎ.ಸಿ.ಗಾಗಿ ಕಿಟಕಿ ಮುಚ್ಚಿದ ಹೊಸ ಕೋಣೆಗಳಲ್ಲಿ ಆ ಅನುಕೂಲವಿಲ್ಲ.

ಪ್ರಸಂಗವಶಾತ್ ಒಂದು ಮಾತು: ಕಲ್ಲು ಕೊರೆಯುವ, ಹೊಳಪು ಕೊಡುವ ಕಾರ್ಮಿಕರಿಗೆ ಗಂಡಾಂತರ ವಿಕಿರಣಕ್ಕಿಂತ ಸಿಲಿಕಾ ಧೂಳಿನಿಂದಲೇ ಹೆಚ್ಚು. ನೀರು ಹಾಯಿಸದೆ ಒಣ ಕಲ್ಲು ಕೊಯ್ಯುವವರು ಗಿರಾಕಿಯ ವಿಕಿರಣದ ಪ್ರಶ್ನೆಗೆ ಉತ್ತರಿಸುವ ಮೊದಲು ಇದನ್ನು ಯೋಚಿಸಲಿ.

ಒಂದು ಕ್ವಾರಿಯ ವರದಿ ಪಕ್ಕದ ಕ್ವಾರಿಗೆ ಒಪ್ಪುವುದಿಲ್ಲ. ಆದ್ದರಿಂದ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಗಾಮಾ ಸ್ಪೆಕ್ಟ್ರೋಮೀಟರ್ ಪರೀಕ್ಷೆ ಮಾಡಿಸುವಾಗ ಮಾದರಿಯ ಮೇಲೆ ಕ್ವಾರಿ, ಬಣ್ಣ, ದಿನಾಂಕ ಬರೆದು ಕಳುಹಿಸಿ, ವರದಿಯ ಪ್ರತಿಯನ್ನು ಮಾಲಿನ ಕಾಗದಪತ್ರಗಳೊಂದಿಗೇ ಇರಿಸಿಕೊಳ್ಳತಕ್ಕದ್ದು.